ಇಂಕ್‌ಬ್ಲಾಟ್ ವರದಿಯನ್ನು ಎಷ್ಟು ನಂಬಬಹುದು? ಬೇರೆ ಸಂಸ್ಕೃತಿಯವರಿಗೆ ಅದು ಹೊಂದುತ್ತದೆಯೇ?

ನಿಮ್ಮ ತಂಗಿಯ ರೋರ್‌ಶಾಕ್ (ಮಸಿ ಕಲೆಗಳ ಕಾರ್ಡು ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ಇಂಕ್‌ಬ್ಲಾಟ್ ಪರೀಕ್ಷೆ) ವರದಿಯಲ್ಲಿ ‘ಭಾವನೆಗಳನ್ನು ಅದುಮಿಟ್ಟುಕೊಳ್ಳುವ ಸ್ವಭಾವ’ ಎಂದು ಬರೆದಿದ್ದಾರೆ, ಯುರೋಪಿನಲ್ಲಿ ಹುಟ್ಟಿದ ಪರೀಕ್ಷೆಯ ಈ ಮಾತನ್ನು ನಂಬಬೇಕೇ ಎಂದು ಕೇಳಿದ್ದೀರಿ. ಕ್ಲಿನಿಕಲ್ ಸೈಕಾಲಜಿ ನನ್ನ ವೃತ್ತಿ, ಈ ಕಾರ್ಡುಗಳನ್ನು ನಾನೂ ಬಳಸುತ್ತೇನೆ. ಆ ಒಂದು ಸಾಲನ್ನು ಹಿಡಿದುಕೊಂಡು ತಂಗಿಯನ್ನು ಅಳೆಯಬೇಡಿ.

ಜನ ಸಾಮಾನ್ಯವಾಗಿ ಚಿತ್ರಗಳನ್ನೇ ದೂರುತ್ತಾರೆ. ಸ್ವಿಸ್ ಮನೋವೈದ್ಯ ಹರ್ಮನ್ ರೋರ್‌ಶಾಕ್ 1921ರಲ್ಲಿ ಪ್ರಕಟಿಸಿದ ಆ ಹತ್ತು ಮಸಿ ಕಲೆಗಳಲ್ಲಿ ಅಂಥ ದೋಷವೇನಿಲ್ಲ. ತೊಡಕಿರುವುದು ನಿಮ್ಮ ಉತ್ತರವನ್ನು ಯಾರ ಉತ್ತರದ ಪಕ್ಕ ಇಟ್ಟು ನೋಡುತ್ತಾರೆ ಎಂಬಲ್ಲಿ. 1930ರ ದಶಕದಲ್ಲೇ ಬ್ಲಾಯ್ಲರ್ ಎಂಬ ಸಂಶೋಧಕ ಸೋದರರು ಮೊರಾಕೊದ ಜನರಿಗೆ ಈ ಕಾರ್ಡು ತೋರಿಸಿದಾಗ, ಕಲೆಯ ಅಂಚಿನ ಸಣ್ಣ ಸಣ್ಣ ತುಣುಕುಗಳನ್ನು ಹಿಡಿದು ಹೇಳಿದ ಉತ್ತರಗಳು ಬಹಳ ಬಂದವು. ಯುರೋಪಿನ ಅಳತೆಗೋಲಿನಲ್ಲಿ ಅದು ವಿಚಿತ್ರ. ಅವರಿಗೆ ಅದು ನೋಡುವ ರೀತಿ, ಅಷ್ಟೇ.

ಕೋಣೆಯೊಳಗೆ ನಡೆಯುವುದನ್ನು ನೋಡಿ. ಮೊದಲ ಕಾರ್ಡು ಕೈಗೆ ಕೊಟ್ಟು ‘ಇದು ಏನಿರಬಹುದು?’ ಎನ್ನುತ್ತೇವೆ. ಒಬ್ಬರು ‘ಬಾವಲಿ’ ಎಂದು ಹೇಳಿ ಕಾರ್ಡನ್ನು ವಾಪಸ್ ಕೊಡುತ್ತಾರೆ. ಕೇಳಿದ್ದಕ್ಕೆ ಉತ್ತರ ಮುಗಿಯಿತಲ್ಲ! ಅಪರಿಚಿತರ ಮುಂದೆ, ಅದರಲ್ಲೂ ದೊಡ್ಡ ಹುದ್ದೆಯವರ ಮುಂದೆ, ಅಳೆದು ತೂಗಿ ಮಾತಾಡುವುದೇ ಮರ್ಯಾದೆ ಎಂದು ಬೆಳೆದವರು ಹತ್ತು ಕಾರ್ಡಿಗೆ ಹತ್ತೇ ಉತ್ತರ ಕೊಟ್ಟಾರು. ವರದಿ ಬರೆಯುವವರು ಅದನ್ನೇ ‘ಬಿಗಿದುಕೊಂಡ ವ್ಯಕ್ತಿತ್ವ’ ಎಂದು ಓದಿಬಿಡುವ ಅಪಾಯವಿದೆ. ಹದಿನಾಲ್ಕಕ್ಕಿಂತ ಕಡಿಮೆ ಉತ್ತರಗಳಿದ್ದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೇ ಹಿಡಿಯಬಾರದು ಎನ್ನುತ್ತಿತ್ತು ಉತ್ತರಗಳಿಗೆ ಅಂಕ ಹಾಕುವ ಎಕ್ಸ್‌ನರ್ ಪದ್ಧತಿ. 2011ರಲ್ಲಿ ಬಂದ ಹೊಸ ಪದ್ಧತಿಯಲ್ಲಂತೂ ಪ್ರತಿ ಕಾರ್ಡಿಗೆ ಎರಡು-ಮೂರು ಉತ್ತರ ಬೇಕೆಂದು ಮೊದಲೇ ಹೇಳುತ್ತಾರೆ.

ಚಿತ್ರ ತೋರಿಸಿ ಕಥೆ ಹೇಳಿಸುವ ಇನ್ನೊಂದು ಪರೀಕ್ಷೆ ಟಿಎಟಿಯಲ್ಲಿ (ಥೀಮ್ಯಾಟಿಕ್ ಅಪರ್ಸೆಪ್ಶನ್ ಟೆಸ್ಟ್) ಚಿತ್ರಗಳೂ ತಟಸ್ಥವಲ್ಲ. ಅದರ ಎರಡನೇ ಕಾರ್ಡಿನಲ್ಲಿ ಪುಸ್ತಕ ಹಿಡಿದ ಯುವತಿ, ಹಿಂದೆ ಹೊಲದಲ್ಲಿ ದುಡಿಯುವ ಗಂಡಸು, ಮರಕ್ಕೊರಗಿ ನಿಂತ ಹೆಂಗಸು. ‘ಇವಳು ಮನೆ ಬಿಟ್ಟು ಓದಲು ಹೊರಟಿದ್ದಾಳೆ’ ಎಂದರೆ ಸ್ವಾವಲಂಬನೆ, ‘ಓದಿ ಬಂದು ಮನೆಯವರನ್ನು ನೋಡಿಕೊಳ್ಳುತ್ತಾಳೆ’ ಎಂದರೆ ಪರಾವಲಂಬನೆ! ಹೀಗೆ ಓದುವವರ ಸ್ವಂತ ಮೌಲ್ಯ ಸದ್ದಿಲ್ಲದೆ ಅಂಕವಾಗಿಬಿಡುತ್ತದೆ. ಕಾರ್ಡಿನಲ್ಲಿರುವವರ ಮೈಬಣ್ಣ ಬದಲಿಸಿದರೆ ಸಾಕು ಎಂಬ ನಂಬಿಕೆಯೂ ಇತ್ತು. 1949ರಲ್ಲಿ ಥಾಂಪ್ಸನ್ ಕಪ್ಪು ವರ್ಣೀಯ ಅಮೆರಿಕನ್ನರಿಗಾಗಿ ಅಂಥ ಕಾರ್ಡು ತಂದರು. ಅದರಿಂದ ಉತ್ತರಗಳು ಸುಧಾರಿಸುತ್ತವೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ.

ಮನುಷ್ಯನ ಚಿತ್ರ ಬರೆಸಿ ಸ್ವಭಾವ ಹೇಳುವುದನ್ನು ನಾನು ನಂಬುವುದೇ ಇಲ್ಲ. ದೊಡ್ಡ ಕಣ್ಣು ಬರೆದವರು ಸಂಶಯದವರಂತೆ. 1967ರಲ್ಲಿ ಮನೋವಿಜ್ಞಾನಿಗಳಾದ ಚಾಪ್‌ಮನ್ ದಂಪತಿ ಚಿತ್ರಗಳನ್ನೂ ರೋಗಲಕ್ಷಣಗಳನ್ನೂ ಮನಬಂದಂತೆ ಜೋಡಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ಇಲ್ಲದ ನಂಟನ್ನು ಅವರೂ ‘ಕಂಡರು’, ತಜ್ಞರು ಹೇಳುತ್ತಿದ್ದದ್ದನ್ನೇ.

ಹಾಗೆಂದು ಎಲ್ಲವನ್ನೂ ಕಸಕ್ಕೆ ಹಾಕಬೇಕಿಲ್ಲ. ಯೋಚನೆ ಹಳಿ ತಪ್ಪಿದೆಯೇ, ಕಲೆಯ ಆಕಾರಕ್ಕೆ ಸಂಬಂಧವೇ ಇಲ್ಲದ್ದನ್ನು ವ್ಯಕ್ತಿ ಕಾಣುತ್ತಿದ್ದಾರೆಯೇ ಎಂಬ ವಿಷಯದಲ್ಲಿ ರೋರ್‌ಶಾಕ್‌ಗೆ ಒಳ್ಳೆಯ ಪುರಾವೆಯಿದೆ, ಟೀಕಾಕಾರರೂ ಅಷ್ಟನ್ನು ಒಪ್ಪುತ್ತಾರೆ. 2007ರಲ್ಲಿ 17 ದೇಶಗಳ ವಯಸ್ಕರ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದಾಗ ವ್ಯತ್ಯಾಸ ಅಂದುಕೊಂಡಷ್ಟಿರಲಿಲ್ಲ. ಮಕ್ಕಳ ಉತ್ತರಗಳದ್ದು ಬೇರೆ ಕಥೆ, ಅವು ಒಂದಕ್ಕೊಂದು ತಾಳೆಯಾಗಲಿಲ್ಲ.

ವರದಿ ಬರೆದವರನ್ನು ಮೂರು ವಿಷಯ ಕೇಳಿ: ತಂಗಿ ಒಟ್ಟು ಎಷ್ಟು ಉತ್ತರ ಕೊಟ್ಟಳು, ಯಾವ ಪದ್ಧತಿಯಲ್ಲಿ ಅಂಕ ಹಾಕಿದರು, ‘ಅದುಮಿಟ್ಟುಕೊಳ್ಳುವ’ ಎಂಬುದಕ್ಕೆ ಮಾತುಕತೆಯಲ್ಲೋ ಬೇರೆ ಪರೀಕ್ಷೆಯಲ್ಲೋ ಆಧಾರ ಸಿಕ್ಕಿದೆಯೇ. ಸರಿಯಾಗಿ ಕೆಲಸ ಮಾಡಿದವರಾದರೆ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.