ವಿದೇಶಕ್ಕೆ ಪೋಸ್ಟಿಂಗ್ ಆದ ಜವಾನನಿಗೆ ಊರು ಸುತ್ತಲು ಬಿಡ್ತಾರಾ?

ನಿಮ್ಮ ತಮ್ಮ ಸೇನೆಯಲ್ಲಿದ್ದಾನೆ, ಅವನ ಯೂನಿಟ್ ವಿಶ್ವಸಂಸ್ಥೆಯ ಮಿಷನ್‌ಗೆ ಹೋಗುವ ಮಾತು ನಡೆದಿದೆ, ಅಲ್ಲಿ ಜೀವನ ಹೇಗಿರುತ್ತದೆ, ದೇಶ ನೋಡಲು ಬಿಡುತ್ತಾರಾ ಅಂತ ಕೇಳಿದ್ದೀರಿ. ನಾನು 2019ರಲ್ಲಿ ಲೆಬನಾನ್‌ನಲ್ಲಿದ್ದೆ, ಭಾರತದ ಬೆಟಾಲಿಯನ್ ಜೊತೆ, ಡ್ರೈವರ್ ಆಗಿ. ಆಗ ನನಗೂ ಹೆಚ್ಚುಕಮ್ಮಿ ನಿಮ್ಮ ತಮ್ಮನ ವಯಸ್ಸೇ ಇರಬೇಕು.

ಬಿಡುತ್ತಾರೆ, ಆದರೆ ಕಡಿಮೆ. ನಾನು ಅಲ್ಲಿದ್ದ ಹೆಚ್ಚಿನ ಕಾಲ ನೋಡಿದ್ದು ಗಾಡಿಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಮುಗಿದುಹೋಗುವಷ್ಟು ಜಾಗ. ಅದೇ ಜಾಗವನ್ನು ಬಿಸಿಲಲ್ಲಿ, ಹಿಮದಲ್ಲಿ, ನಡುರಾತ್ರಿಯಲ್ಲಿ, ಅಲ್ಲಿನವರ ಹಬ್ಬದ ದಿನ, ಮತ್ತೆ ಮತ್ತೆ ನೋಡಿದ್ದು. ಸುತ್ತಾಟದ ಆಸೆಗೆ ಹೋದವರಿಗೆ ಇದು ಬೇಜಾರು ತರಿಸುತ್ತದೆ. ನನಗೆ ತರಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೋಗುವ ಬಗೆ. "ನನಗೆ ಫಾರಿನ್ ಪೋಸ್ಟಿಂಗ್ ಕೊಡಿ" ಅಂತ ಜವಾನ ಅರ್ಜಿ ಹಾಕಿ ಹೋಗುವ ಕೆಲಸ ಇದಲ್ಲ. ಪಲ್ಟನ್‌ಗೆ ಸರದಿ ಬರುತ್ತದೆ. ಅದರ ಜೊತೆಗೆ ಸಿಗ್ನಲ್‌ನವರು, ಡಾಕ್ಟರ್‌ಗಳು, ಇಂಜಿನಿಯರ್‌ಗಳು, ನಮ್ಮಂಥ ಡ್ರೈವರ್‌ಗಳು ಬೇರೆ ಬೇರೆ ಕಡೆಯಿಂದ ಸೇರಿಕೊಳ್ಳುತ್ತಾರೆ. ಹೊರಡುವ ಮುಂಚೆ ತರಬೇತಿ ಇರುತ್ತದೆ. ಅದರಲ್ಲಿ ತಲೆಗೆ ತುಂಬುವ ಮುಖ್ಯ ಮಾತು: ಅಲ್ಲಿ ನಿಮಗೆ ಶತ್ರು ಅಂತ ಯಾರೂ ಇಲ್ಲ. ಗುಂಡು ಹಾರಿಸುವುದು ಆತ್ಮರಕ್ಷಣೆಯಂಥ ಕೆಲವೇ ಸಂದರ್ಭಗಳಲ್ಲಿ, ಅದೂ ಕೊನೆಯ ದಾರಿಯಾಗಿ. ನಿಮ್ಮ ಕೆಲಸ ನೋಡುವುದು, ಬರೆದುಕೊಳ್ಳುವುದು, ಮೇಲಕ್ಕೆ ತಿಳಿಸುವುದು. ಗಡಿಯಲ್ಲಿ ಡ್ಯೂಟಿ ಮಾಡಿ ಬಂದ ಹುಡುಗರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ.

ನಾನಿದ್ದ ಮಿಷನ್ ಹೆಸರು ಯುನಿಫಿಲ್, ಅಂದರೆ ದಕ್ಷಿಣ ಲೆಬನಾನ್‌ನ ವಿಶ್ವಸಂಸ್ಥೆ ಶಾಂತಿಪಡೆ. 1978ರಲ್ಲಿ ಶುರುವಾದದ್ದು, ಭಾರತದ ಬೆಟಾಲಿಯನ್ 1998ರಿಂದ ಇದೆ. ನಮ್ಮದು ಪೂರ್ವದ ಮೂಲೆ: ಎಬೆಲ್ ಎಸ್ ಸಾಕಿ, ಖಿಯಾಮ್, ಕಫರ್ ಶೂಬಾ, ಶೆಬಾ ಊರುಗಳ ಸುತ್ತ. ಮೇಲೆ ಹೆರ್ಮೋನ್ ಪರ್ವತ, 2,814 ಮೀಟರ್. ಕೆಳಗೆ ಆಲಿವ್ ತೋಟಗಳು. ಪಕ್ಕದಲ್ಲಿ ಸ್ಪೇನ್‌ನವರು. ನಮ್ಮ ಬೆಟಾಲಿಯನ್‌ನ ಒಳಗೇ ಕಜಕಿಸ್ತಾನದ ಒಂದು ತುಕಡಿಯೂ ಇತ್ತು, 2018ರ ಕೊನೆಯಲ್ಲಿ ಬಂದು ಸೇರಿದ್ದು. ಅವರಿಗೆ ಹಿಂದಿ ಬಾರದು, ನಮಗೆ ರಷ್ಯನ್ ಬಾರದು. ವಾಲಿಬಾಲ್ ಕೋರ್ಟಿನಲ್ಲಿ ಇದರಿಂದ ಏನೂ ತೊಂದರೆ ಆಗಲಿಲ್ಲ. ಬೈಗುಳ ಎರಡೂ ಕಡೆಯವರಿಗೂ ಬೇಗ ಬಂತು.

ಇಸ್ರೇಲ್ ಮತ್ತು ಲೆಬನಾನ್ ನಡುವೆ ಸುಮಾರು 120 ಕಿಲೋಮೀಟರ್ ಉದ್ದದ ಒಂದು ಗೆರೆ ಇದೆ, ಬ್ಲೂ ಲೈನ್. ಇದು ಎರಡೂ ದೇಶ ಒಪ್ಪಿದ ಗಡಿ ಅಲ್ಲ. 2000ದಲ್ಲಿ ಇಸ್ರೇಲ್ ಸೇನೆ ದಕ್ಷಿಣ ಲೆಬನಾನ್‌ನಿಂದ ನಿಜವಾಗಿ ಹಿಂದೆ ಸರಿದಿದೆಯಾ ಅಂತ ಖಚಿತ ಮಾಡಿಕೊಳ್ಳಲು ವಿಶ್ವಸಂಸ್ಥೆ ಎಳೆದದ್ದು. ಕೆಲವು ಕಡೆ ಗೋಡೆ, ಬೇಲಿ ಇದೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಎಷ್ಟೋ ಕಡೆ ಬರೀ ಕಲ್ಲು, ಮುಳ್ಳುಗಿಡ, ದೂರ ದೂರಕ್ಕೆ ನೀಲಿ ಬಣ್ಣದ ಡ್ರಮ್ಮು. ಅಲ್ಲಿ ಆಡು ಮೇಯಿಸುವವರು ತಲೆತಲಾಂತರದಿಂದ ಅಲ್ಲೇ ಮೇಯಿಸಿದವರು. ಆಡಿಗೆ ಡ್ರಮ್ಮಿನ ಬಣ್ಣ ಕಟ್ಟಿಕೊಂಡು ಏನಾಗಬೇಕು? ಹುಲ್ಲು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಹಿಂದೆ ಮಾಲೀಕ ಹೋಗುತ್ತಾನೆ. ಆಚೆಯಿಂದ ಸೈನಿಕರು ಬರುತ್ತಾರೆ. ನಡುವೆ ನಾವು, ನೀಲಿ ಟೊಪ್ಪಿ ಹಾಕಿಕೊಂಡು, ಕೈಯಾಡಿಸುತ್ತಾ, ರೇಡಿಯೋದಲ್ಲಿ ಕೂಗುತ್ತಾ. ನಗು ಬರುವ ವಿಷಯದ ಹಾಗೆ ಕಾಣುತ್ತದೆ. ಆದರೆ ಒಬ್ಬ ಮುದುಕ ಐದು ಹೆಜ್ಜೆ ಮುಂದೆ ಇಟ್ಟಿದ್ದಕ್ಕೆ ಎರಡು ಸೇನೆಗಳು ದುರ್ಬೀನು ಹಿಡಿದು ನಿಂತದ್ದನ್ನು ನೋಡಿದ ಮೇಲೆ ನಗು ನಿಂತುಹೋಗುತ್ತದೆ.

ಇನ್ನು ನನ್ನ ಕೆಲಸ. ಲೆಬನಾನ್‌ನಲ್ಲಿ ಗಾಡಿ ರಸ್ತೆಯ ಬಲಕ್ಕೆ ಹೋಗುತ್ತದೆ, ಸ್ಟೇರಿಂಗ್ ಎಡಕ್ಕೆ. ಯುಎನ್ ಲೈಸೆನ್ಸ್‌ಗೆ ಬೇರೆ ಟೆಸ್ಟ್ ಕೊಡಬೇಕು. ಮೊದಲ ದಿನಗಳಲ್ಲಿ ಕೈ ಸುಮ್ನೆ ತಾನಾಗಿ ತಪ್ಪು ಕಡೆ ಗೇರ್ ಹುಡುಕುತ್ತದೆ. ಸಿಗುವುದು ಬಾಗಿಲು. ಅಲ್ಲಿನ ಜನ ಬೆಟ್ಟದ ತಿರುವಿನಲ್ಲೂ ಓವರ್‌ಟೇಕ್ ಮಾಡುವವರು. ರಸ್ತೆಯಿಂದ ಕೆಳಗೆ ಇಳಿಯುವಂತಿಲ್ಲ, ಮೂತ್ರಕ್ಕೂ ಕೂಡ. 2006ರ ಇಸ್ರೇಲ್-ಹಿಜ್ಬುಲ್ಲಾ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಕ್ಲಸ್ಟರ್ ಬಾಂಬುಗಳು, ಅದಕ್ಕಿಂತ ಹಳೆಯ ನೆಲಬಾಂಬುಗಳು ಇನ್ನೂ ಮಣ್ಣಲ್ಲಿವೆ. ಈ ನಿಯಮ ಎಷ್ಟು ಮೈಗೂಡುತ್ತದೆ ಅಂದ್ರೆ, ವಾಪಸ್ ಬಂದ ಮೇಲೂ ಡಾಂಬರು ಬಿಟ್ಟು ಹುಲ್ಲಿನ ಮೇಲೆ ಕಾಲಿಡಲು ಬಹಳ ದಿನ ಹಿಂಜರಿದೆ.

ನೀವು ಕೇಳಿದ "ಜೀವನ" ನಿಜವಾಗಿ ಇದ್ದದ್ದು ಹಳ್ಳಿಗಳಲ್ಲಿ. ಕೆಲವೇ ಮೈಲಿಗಳ ಒಳಗೆ ಎಷ್ಟು ಬಗೆಯ ಜನ! ಖಿಯಾಮ್‌ನಲ್ಲಿ ಶಿಯಾಗಳು ಹೆಚ್ಚು, ಶೆಬಾದಲ್ಲಿ ಸುನ್ನಿಗಳು, ಮರ್ಜಯೂನ್‌ನಲ್ಲಿ ಕ್ರೈಸ್ತರು, ಹಾಸ್ಬಯಾದಲ್ಲಿ ದ್ರೂಸ್ ಅನ್ನುವ ಬೇರೆಯೇ ಪಂಥದ ಜನ. ಯಾರ ಮನೆಯಲ್ಲಿ ಏನು ಮಾತಾಡಬಹುದು, ಏನು ಮಾತಾಡಬಾರದು ಅಂತ ನಮ್ಮ ದುಭಾಷಿ ಗಾಡಿಯಲ್ಲೇ ಹೇಳಿಬಿಡುತ್ತಿದ್ದ. ನಿಯಮ ಸರಳ: ರಾಜಕೀಯ ಬೇಡ, ಧರ್ಮ ಬೇಡ, ಹೆಂಗಸರ ಫೋಟೋ ಬೇಡ. ಮಳೆ, ಆಲಿವ್ ಬೆಳೆ, ಮಕ್ಕಳ ಓದು, ಇವು ನಡೆಯುತ್ತವೆ.

ಭಾರತದ ಬೆಟಾಲಿಯನ್‌ಗೆ ಅಲ್ಲಿ ಒಳ್ಳೆ ಹೆಸರಿದೆ. ಅದರಲ್ಲಿ ದೊಡ್ಡ ಪಾಲು ಬಂದೂಕಿನವರದಲ್ಲ, ಪಶುವೈದ್ಯರದು. ನಾನು ಅವರನ್ನು ಕರೆದುಕೊಂಡು ಹೋಗುವ ಡ್ಯೂಟಿ ಬಂದರೆ ಖುಷಿಪಡುತ್ತಿದ್ದೆ. ಒಂದು ಮನೆಯ ಹಿತ್ತಲು. ಆಡು ಮರಿ ಹಾಕಲಾಗದೆ ಒದ್ದಾಡುತ್ತಿದೆ. ಡಾಕ್ಟರ್ ಸಾಹೇಬರು ಸಮವಸ್ತ್ರದ ತೋಳು ಮಡಚಿ ನೆಲದ ಮೇಲೆ ಕೂತಿದ್ದಾರೆ. ಮನೆಯ ಅಜ್ಜಿ ಟಾರ್ಚ್ ಹಿಡಿದಿದ್ದಾರೆ, ಆದರೆ ಬೆಳಕು ಆಡಿನ ಮೇಲಿಲ್ಲ, ಪೂರ್ತಿ ಡಾಕ್ಟರ ಮುಖದ ಮೇಲಿದೆ. ಅವರು ಹಿಂದಿಯಲ್ಲಿ "ಅಮ್ಮಾ, ಕೆಳಗೆ, ಕೆಳಗೆ" ಅನ್ನುತ್ತಾರೆ. ಅಜ್ಜಿ ಅರಬ್ಬಿಯಲ್ಲಿ ದೇವರನ್ನು ಕರೆಯುತ್ತಾರೆ. ಕೊನೆಗೆ ಎರಡು ಮರಿ, ಎರಡೂ ಜೀವಂತ. ಆಮೇಲೆ ಆ ಬೀದಿಯಲ್ಲಿ ನಮ್ಮ ಗಾಡಿ ಕಂಡರೆ ಸಾಕು, ಯಾರಾದರೂ ಅಡ್ಡ ನಿಲ್ಲಿಸಿ ಒಂದು ಬಾಟಲಿ ಆಲಿವ್ ಎಣ್ಣೆ ತುರುಕಲು ನೋಡುತ್ತಿದ್ದರು. ಉಡುಗೊರೆ ತಗೊಳ್ಳುವ ಹಾಗಿಲ್ಲ ಅಂತ ಅರ್ಥ ಮಾಡಿಸುವುದೇ ಗಸ್ತಿಗಿಂತ ಕಷ್ಟದ ಕೆಲಸ.

ಹಾಸ್ಬಯಾ ಕಡೆ ಹೋದರೆ ಕಾಫಿಯ ಬದಲು 'ಮಾತೆ' ಅನ್ನುವುದನ್ನು ಕೊಡುತ್ತಿದ್ದರು. ದಕ್ಷಿಣ ಅಮೆರಿಕದ ಸೊಪ್ಪಿನ ಪಾನೀಯ, ಕಹಿ. ಅರ್ಜೆಂಟೀನಾ ಕಡೆಗೆ ದುಡಿಯಲು ಹೋದವರು ತಂದ ಚಟವಂತೆ. ಸಣ್ಣ ಬುರುಡೆಗೆ ಸೊಪ್ಪು ತುಂಬಿ ಬಿಸಿನೀರು ಹುಯ್ದು, ಲೋಹದ ಕೊಳವೆಯಲ್ಲಿ ಹೀರುವುದು. ಒಂದೇ ಬುರುಡೆ ಎಲ್ಲರಿಗೂ ಸುತ್ತು ಬರುತ್ತದೆ. ಎಂಜಲು ಅಂತ ಮೊದಲು ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ಬಿಳಿ ಟೋಪಿ, ಕಪ್ಪು ದೊಗಲೆ ಪಾಯಿಜಾಮದ ಹಿರಿಯರು ಕೂತು ಕೊಳವೆಯ ತುದಿಯನ್ನು ನಿಂಬೆಸಿಪ್ಪೆಯಿಂದ ಒರೆಸಿ ಮುಂದೆ ಹಿಡಿದರೆ ಬೇಡ ಅನ್ನುವುದು ಹೇಗೆ?

ಈಗ ಸುತ್ತಾಟ. ಒಬ್ಬನೇ ಬ್ಯಾಗ್ ಹಾಕಿಕೊಂಡು ಹೊರಡುವುದು ನಮಗೆ ಇರಲಿಲ್ಲ. ಗುಂಪಾಗಿ, ಅನುಮತಿ ಪಡೆದು, ಬಸ್ಸಿನಲ್ಲಿ ಒಂದು ದಿನದ ಪ್ರವಾಸ. ಸಂಜೆಗೆ ವಾಪಸ್, ತಲೆ ಎಣಿಕೆ. ಹೋಗಬಾರದ ಜಾಗಗಳ ಪಟ್ಟಿ ಇರುತ್ತದೆ, ಅದು ಪರಿಸ್ಥಿತಿ ನೋಡಿ ಬದಲಾಗುತ್ತದೆ. ಬೆಳಗ್ಗೆ ತಿಂಡಿ ಕಟ್ಟಿಸಿಕೊಂಡು ಬಸ್ ಹತ್ತಿದ ಮೇಲೆ ಪ್ರವಾಸ ರದ್ದಾಗಿದ್ದೂ ಇದೆ. ಲಂಗರ್‌ನಲ್ಲೇ (ನಮ್ಮ ಊಟದ ಮನೆ) ಕೂತು ಆ ಬುತ್ತಿ ತಿಂದೆವು.

ಒಳ್ಳೆಯದೇನಂದರೆ ದೇಶ ಪುಟ್ಟದು, 10,452 ಚದರ ಕಿಲೋಮೀಟರ್. ಒಂದು ದಿನದಲ್ಲೇ ತುಂಬಾ ನೋಡಬಹುದು. ಸೂರ್ ಪಟ್ಟಣದ ರೋಮನ್ ಕುದುರೆ ಓಟದ ಮೈದಾನ ನನಗೆ ಎಲ್ಲಕ್ಕಿಂತ ಹಿಡಿಸಿತು. ರಥಗಳು ತಿರುಗುತ್ತಿದ್ದ ಜಾಗದಲ್ಲಿ ನಮ್ಮ ಡ್ರೈವರ್‌ಗಳೆಲ್ಲ ನಿಂತು, ಆ ತಿರುವು ಯಾವ ಗೇರಿನಲ್ಲಿ ಹೊಡೆಯಬೇಕು ಅಂತ ಚರ್ಚೆ ಮಾಡಿದರು! ಬೈರೂತ್‌ನ ಉತ್ತರಕ್ಕಿರುವ ಜೈತಾ ಗುಹೆಗಳಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ. ಫೋನ್ ಹೊರಗೇ ಇಟ್ಟು ಹೋಗಬೇಕು. ಕೆಳಗಿನ ಗುಹೆಗೆ ದೋಣಿ, ಮೇಲಿನದಕ್ಕೆ ನಡಿಗೆ. ಫೋನ್ ಇಲ್ಲದ ಕಾರಣಕ್ಕೋ ಏನೋ, ಅಲ್ಲಿ ನಮ್ಮವರು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಬೇರೆಲ್ಲೂ ಕಾಣೆ. ಬೈರೂತ್ ಬಗ್ಗೆ ನನ್ನನ್ನು ಕೇಳಬೇಡಿ. ಸಮುದ್ರದಲ್ಲಿ ನಿಂತ ರೌಶೆ ಬಂಡೆಗಳ ಮುಂದೆ ಎಲ್ಲರೂ ಫೋಟೋ ಹೊಡೆಸಿಕೊಂಡೆವು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು, ಬಂದೆವು.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೆ ಮನೆಯವರ ಮನಸ್ಸಲ್ಲಿ ಇದ್ದೇ ಇರುತ್ತದೆ ಅಲ್ವಾ? "ಯುಎನ್ ಡಾಲರ್ ಸಂಬಳ ಕೊಡುತ್ತೆ" ಅನ್ನುವ ಮಾತು ಅರ್ಧ ಸತ್ಯ. ಒಬ್ಬ ಸೈನಿಕನಿಗೆ ತಿಂಗಳಿಗೆ ಇಷ್ಟು ಅಂತ ವಿಶ್ವಸಂಸ್ಥೆ ಸರ್ಕಾರಕ್ಕೆ ಕೊಡುತ್ತದೆ. 2018ರ ಜುಲೈನಿಂದ ಅದು 1,428 ಡಾಲರ್ ಇತ್ತು. ಜವಾನನಿಗೆ ಅವನ ಸಂಬಳ, ವಿದೇಶ ಭತ್ಯೆ ಸರ್ಕಾರದಿಂದಲೇ ಬರುತ್ತವೆ. ವಿಶ್ವಸಂಸ್ಥೆ ನೇರವಾಗಿ ಜವಾನನಿಗೆ ಅಂತ ಇಟ್ಟಿರುವುದು ದಿನಕ್ಕೆ 1.28 ಡಾಲರ್, ಜೊತೆಗೆ ರಜೆಯ ದಿನಗಳಿಗೆ ದಿನಕ್ಕೆ 10.50 ಡಾಲರ್, ಅದೂ ಆರು ತಿಂಗಳಿಗೆ ಹೆಚ್ಚೆಂದರೆ 15 ದಿನಕ್ಕೆ. ಉಳಿತಾಯ ಆಗುತ್ತದೆ, ಯಾಕಂದ್ರೆ ಖರ್ಚು ಮಾಡಲು ಜಾಗವೇ ಇಲ್ಲ. ಅಂಗಡಿಯವರು ಆಗ ಡಾಲರ್ ತಗೊಂಡು ಒಂದಕ್ಕೆ ಸುಮಾರು 1,500 ಲೆಬನಾನ್ ಪೌಂಡ್ ಲೆಕ್ಕದಲ್ಲಿ ಚಿಲ್ಲರೆ ಕೊಡುತ್ತಿದ್ದರು. 2019ರ ಅಕ್ಟೋಬರ್‌ನಲ್ಲಿ ಜನ ಬೀದಿಗಿಳಿದರು, ಬ್ಯಾಂಕುಗಳು ಬಾಗಿಲು ಹಾಕಿದವು. ಆಮೇಲೆ ಪೌಂಡಿನ ಬೆಲೆ ಕುಸಿಯುತ್ತಲೇ ಹೋಯಿತು. ನಮ್ಮ ಕ್ಯಾಂಪಿನ ಹೊರಗಿನ ಅಂಗಡಿಯಾತ ಗೋಡೆಯ ಮೇಲಿನ ದರದ ಚೀಟಿಯನ್ನು ಕಿತ್ತು ಹಾಕಿದ. ಮತ್ತೆ ಅಂಟಿಸಲೇ ಇಲ್ಲ.

ಮನೆ ನೆನಪಿನ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ವಾಟ್ಸಾಪ್ ಇದೆ. ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಲೆಬನಾನ್ ಭಾರತಕ್ಕಿಂತ ಹಿಂದೆ. ನಮ್ಮ ರಾತ್ರಿ ಊಟ ಮುಗಿಯುವ ಹೊತ್ತಿಗೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಹಾಗಾಗಿ ಸಂಜೆಯ ಹೊತ್ತು ಫೋನ್ ಎತ್ತಿ. ಪೋಸ್ಟ್‌ನಿಂದ ವಿಡಿಯೋ ತೋರಿಸು ಅಂತ ಕೇಳಬೇಡಿ, ಅದು ಅವನಿಗೆ ತೊಂದರೆ ತರುತ್ತದೆ.

ನಾನು ಹೇಳಿದ್ದೆಲ್ಲ ಒಂದು ಶಾಂತ ವರ್ಷದ ಕಥೆ. 2023ರ ಅಕ್ಟೋಬರ್ ನಂತರ ಅದೇ ಗೆರೆಯಲ್ಲಿ ಯುದ್ಧ ಬಂತು. 2024ರಲ್ಲಿ ಖಿಯಾಮ್ ಭಾರಿ ಕಾಳಗ ಕಂಡಿತು, ಶಾಂತಿಪಡೆಯವರಿಗೂ ಗಾಯಗಳಾದವು. 2025ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಯುನಿಫಿಲ್ ಅವಧಿಯನ್ನು ಕೊನೆಯ ಬಾರಿಗೆ ಅಂತ 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಹಾಗಾಗಿ ನಿಮ್ಮ ತಮ್ಮ ಹೋಗುವುದು ಬೇರೆ ಕಡೆಗೆ ಇರಬಹುದು. ದಕ್ಷಿಣ ಸುಡಾನ್, ಎರಡೂ ಸುಡಾನ್‌ಗಳ ನಡುವಿನ ಅಬಿಯೆ, ಸಿರಿಯಾ-ಇಸ್ರೇಲ್ ನಡುವಿನ ಗೋಲಾನ್‌ಗಳಲ್ಲೂ ನಮ್ಮವರು ಇದ್ದಾರೆ. ದಕ್ಷಿಣ ಸುಡಾನ್ ಆದರೆ ಮೇಲಿನ ಪ್ರವಾಸದ ಮಾತನ್ನೆಲ್ಲ ಮರೆತುಬಿಡಿ. ಮಳೆಗಾಲದಲ್ಲಿ ಅಲ್ಲಿನ ಮಣ್ಣು ರಸ್ತೆಗಳಲ್ಲಿ ಗಾಡಿಯೇ ಮುಂದೆ ಹೋಗುವುದಿಲ್ಲ ಅಂತ ಅಲ್ಲಿಗೆ ಹೋಗಿಬಂದ ಗೆಳೆಯ ಹೇಳುತ್ತಾನೆ.

ಎಲ್ಲಿಗೆ ಅಂತ ಆರ್ಡರ್ ಬಂದ ಮೇಲೆ ಇಲ್ಲೇ ಕಾಮೆಂಟಿನಲ್ಲಿ ದೇಶದ ಹೆಸರು ಮಾತ್ರ ಹಾಕಿ. ಯೂನಿಟ್ ಹೆಸರು, ಹೊರಡುವ ದಿನ ಬರೆಯಬೇಡಿ. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರಿಂದ ಉತ್ತರ ಬರೆಸುತ್ತೇನೆ.