ಕೀ ಕೊಟ್ಟವರು ಯಾರು? ಮೊದಲು ಅದನ್ನು ಹೇಳಿ

ಇಪ್ಪತ್ತಾರು ವರ್ಷ ಮುಂಬೈ, ಪುಣೆಯಲ್ಲಿ ವಾಹನ ವಿಮೆಯ ಸರ್ವೇಯರ್, ಅಂದರೆ ಜಖಂ ನೋಡಿ ನಷ್ಟ ಅಂದಾಜು ಮಾಡುವವ, ಆಗಿದ್ದೆ. ಈ ಸಲ ನನಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. ಮನೆಯವರೆಲ್ಲ ಸೇರಿ ಬಳಸುವ ಕಾರು. ಒಬ್ಬರು ಯಾರನ್ನೂ ಕೇಳದೆ ಹೊರಗಿನವರಿಗೆ ಕೊಟ್ಟರು. ಕಾರು ಜಖಂ ಆಗಿ ಬಂತು. ಇದನ್ನು ಓದಿ ಓದಿ ನನಗೆ ಬೇಸರವಾಗಿದೆ, ಸಿಟ್ಟೂ ಬಂದಿದೆ. ಕ್ಲೇಮು ಫಾರಂ ತುಂಬುವುದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ನಿಮ್ಮ ವಿಮಾ ಕಂಪನಿಯೇ ಹೇಳಿಕೊಡುತ್ತದೆ.

ಪ್ರಶ್ನೆ: ಕಾರು ಅಪ್ಪನ ಹೆಸರಿನಲ್ಲಿದೆ. ಕಂತನ್ನು ನಾನು ಮತ್ತು ತಮ್ಮ ಅರ್ಧರ್ಧ ಕಟ್ಟುತ್ತೇವೆ. ತಮ್ಮ ತನ್ನ ಆಫೀಸಿನ ಗೆಳೆಯನಿಗೆ ಗೋವಾಕ್ಕೆ ಹೋಗಲು ಕಾರು ಕೊಟ್ಟ. ಆಜರಾ ದಾಟಿದ ಮೇಲೆ ಕೆಳಗೆ ಕಲ್ಲು ಬಡಿದು ಚೇಂಬರ್ ಒಡೆದಿದೆ. ಕೆಂಪು ದೀಪ ಬಂದರೂ ಆತ ಅಂಬೋಲಿ ತನಕ ಓಡಿಸಿದ್ದಾನೆ. ಎಂಜಿನ್ ಜಾಮ್ ಆಗಿದೆ. ಕಾರು ಈಗ ಚಿಂಚವಡದ ಗ್ಯಾರೇಜಿನಲ್ಲಿದೆ. ಎಸ್ಟಿಮೇಟ್ 1,58,000 ರೂಪಾಯಿ, ಅದರಲ್ಲಿ ಎಂಜಿನ್ ಕೆಲಸವೇ 1,32,000. ಎಂಜಿನ್‌ಗೆ ವಿಮೆ ಸಿಗಲ್ಲ ಎನ್ನುತ್ತಾರೆ. ಗೆಳೆಯ "ಹಳೇ ಗಾಡಿ, ಹೇಗಿದ್ದರೂ ಹಾಳಾಗುತ್ತಿತ್ತು" ಎನ್ನುತ್ತಾನೆ. ತಮ್ಮ "ಅರ್ಧ ನೀನು ಹಾಕು" ಎನ್ನುತ್ತಾನೆ. ನಾನು ಕೊಡಬೇಕಾ?

ಬೇಡ. ಒಂದು ರೂಪಾಯಿಯೂ ಬೇಡ. ಯಾಕೆ ಎಂದು ಹೇಳುತ್ತೇನೆ.

ಮೊದಲು ಎಂಜಿನ್ ಹೇಗೆ ಹೋಯಿತು ನೋಡಿ. ಚೇಂಬರ್ ಎಂದರೆ ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಬಟ್ಟಲು. ಪಂಪು ಅಲ್ಲಿಂದ ಆಯಿಲ್ ಎಳೆದು ಬೇರಿಂಗ್, ಕ್ರ್ಯಾಂಕ್, ಕ್ಯಾಮ್ ಎಲ್ಲದಕ್ಕೂ ಕೊಡುತ್ತದೆ. ಬಟ್ಟಲು ಒಡೆದರೆ ಆಯಿಲ್ ರಸ್ತೆಗೆ ಸುರಿಯುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಚಿತ್ರ ಕೆಂಪಾಗಿ ಹೊತ್ತಿಕೊಳ್ಳುತ್ತದೆ. ಆ ದೀಪ ಕಂಡ ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು. ಮುಂದಿನ ಊರು, ಮುಂದಿನ ಪೆಟ್ರೋಲ್ ಬಂಕ್ ಎಂದು ಹೋಗುವಂತಿಲ್ಲ. ಅಲ್ಲೇ ನಿಲ್ಲಿಸಿದ್ದರೆ ಹೊಸ ಚೇಂಬರ್, ಹೊಸ ಆಯಿಲ್, ಟೋಯಿಂಗ್, ಅಷ್ಟರಲ್ಲಿ ಮುಗಿಯುತ್ತಿತ್ತು. ಹಾಗಾಗಿ ಚೇಂಬರ್ ಒಡೆದದ್ದು ಕಲ್ಲಿನಿಂದ. ಎಂಜಿನ್ ಹೋದದ್ದು ಓಡಿಸಿದವನಿಂದ.

ವಿಮಾ ಕಂಪನಿಯೂ ಹೀಗೇ ನೋಡುತ್ತದೆ. ಪೆಟ್ಟು ಬಿದ್ದ ಮೇಲೆ ರಿಪೇರಿ ಮಾಡಿಸದೆ ಓಡಿಸಿದರೆ, ಅದರಿಂದ ಹೆಚ್ಚಾದ ಹಾನಿ ಮಾಲೀಕರದೇ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಮುಂಬೈಯಲ್ಲಿ 2005ರ ಜುಲೈ 26ರ ಮಳೆಯ ನಂತರ ನಾನು ಇದನ್ನೇ ಕಂಡೆ. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ನೀರಲ್ಲಿ ಸುಮ್ಮನೆ ನಿಂತಿದ್ದ ಕಾರುಗಳ ಎಂಜಿನ್ ಎಷ್ಟೋ ಉಳಿದವು. ನೀರು ಇಳಿಯಿತು ಎಂದು ಸ್ಟಾರ್ಟ್ ಮಾಡಿದವರ ಕಾರುಗಳಲ್ಲಿ, ಎಂಜಿನ್ ಒಳಗೆ ನೀರು ಸೇರಿ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಿತ್ತು. ಆ ಮನೆಗಳಿಗೆ ಹೋಗಿ "ಎಂಜಿನ್ನಿಗೆ ದುಡ್ಡು ಬರುವುದಿಲ್ಲ" ಎಂದು ಹೇಳುವುದು ನನಗೂ ಕಷ್ಟವಾಗಿತ್ತು.

ಆದರೂ ಪಾಲಿಸಿ ತೆಗೆದು ನೋಡಿ. 'ಎಂಜಿನ್ ಪ್ರೊಟೆಕ್ಟ್' ಎಂಬ ಆಡ್-ಆನ್ (ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ಇದ್ದರೆ, ಆಯಿಲ್ ಸೋರಿ ಎಂಜಿನ್ ಹೋದದ್ದಕ್ಕೂ ಹಣ ಸಿಗುವ ದಾರಿ ಇದೆ. ಅದರ ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಪೂರ್ತಿ ಓದಿ. ಅದು ಗೊತ್ತಾಗುವ ತನಕ, ಸರ್ವೇಯರ್ ಬಂದು ನೋಡುವ ತನಕ, ಗ್ಯಾರೇಜಿನವರಿಗೆ ಎಂಜಿನ್ ಬಿಚ್ಚಲು ಬಿಡಬೇಡಿ. ಬಿಚ್ಚಿಟ್ಟ ಎಂಜಿನ್ ಕಂಡರೆ ಸರ್ವೇಯರ್‌ಗೆ ಅನುಮಾನ ಬಂದೇ ಬರುತ್ತದೆ. ಆ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ.

ಆ ಆಡ್-ಆನ್ ಇಲ್ಲ ಅಂದುಕೊಳ್ಳಿ. ಆಗ ಉಳಿದ 26,000ಕ್ಕೆ ಕ್ಲೇಮು ಹಾಕುವ ಮೊದಲು ಒಂದು ಲೆಕ್ಕ ಮಾಡಿ. ಈ ಲೆಕ್ಕವನ್ನು ಏಜೆಂಟರು ಯಾರೂ ಮಾಡಿ ತೋರಿಸುವುದಿಲ್ಲ. ನಿಮ್ಮ ಕಾರು ಐದನೇ ವರ್ಷದಲ್ಲಿದೆ ಎಂದು ಬರೆದಿದ್ದೀರಿ. ಜೀರೋ ಡೆಪ್ (ಭಾಗಗಳ ಸವೆತಕ್ಕೆ ಹಣ ಕಡಿಯದ ಆಡ್-ಆನ್) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಕಡಿತ. ಲೋಹದ ಭಾಗಕ್ಕೆ ನೂರಕ್ಕೆ 35 ಕಡಿತ. ಮೇಲೆ 1,500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಕೈಯಿಂದ. ನನ್ನ ಅಂದಾಜಿನಲ್ಲಿ ನಿಮಗೆ ಸಿಗುವುದು 17,000 ಆಸುಪಾಸು.

ಈಗ ಕಳೆದುಕೊಳ್ಳುವುದನ್ನು ನೋಡಿ. ನಾಲ್ಕು ವರ್ಷ ಕ್ಲೇಮು ಹಾಕಿಲ್ಲ. ಅಂದರೆ ಎನ್‌ಸಿಬಿ (ಕ್ಲೇಮು ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನೂರಕ್ಕೆ 45 ಇದೆ, ಮುಂದಿನ ಸಲ 50 ಆಗುತ್ತದೆ. ಕ್ಲೇಮು ಹಾಕಿದರೆ ಸೊನ್ನೆ. ಅಲ್ಲಿಂದ ಮತ್ತೆ 20, 25, 35, 45 ಎಂದು ಹತ್ತಬೇಕು. ನಿಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಂ (ನಿಮ್ಮದೇ ಕಾರಿನ ಜಖಂಗಾಗಿ ಕಟ್ಟುವ ಭಾಗ) ರಿಯಾಯಿತಿಗೆ ಮುಂಚೆ 10,000 ಎಂದು ಹಿಡಿದರೆ, ಐದು ವರ್ಷದಲ್ಲಿ 5,000, 3,000, 2,500, 1,500, 500 ಹೀಗೆ 12,500 ಜಾಸ್ತಿ ಕಟ್ಟುತ್ತೀರಿ. ಇಷ್ಟೆಲ್ಲ ಓಡಾಡಿ ಉಳಿಯುವುದು 4,500. ನಾನಾಗಿದ್ದರೆ ಕ್ಲೇಮು ಹಾಕುತ್ತಿರಲಿಲ್ಲ. 'ಎಂಜಿನ್ ಪ್ರೊಟೆಕ್ಟ್' ಇದ್ದರೆ ಮಾತು ಬೇರೆ, ಖಂಡಿತ ಹಾಕಿ. ಹಾಕಿದರೆ ಆ 12,500 ಕೂಡ ನಷ್ಟವೇ ಅಲ್ವಾ? ಅದನ್ನೂ ತಮ್ಮನ ಲೆಕ್ಕಕ್ಕೆ ಬರೆಯಿರಿ.

ಹೌದು, ತಮ್ಮನ ಲೆಕ್ಕಕ್ಕೆ. ಅರ್ಧ ಕಂತು ಕಟ್ಟುವುದು ಅರ್ಧ ಬಳಕೆಗೆ. ನಿಮಗೆ ಹೇಳದೆ ಕೊಟ್ಟ ಕಾರಿಗೆ ನೀವು ಯಾಕೆ ಹೊಣೆ? ಇಬ್ಬರಲ್ಲಿ ಒಬ್ಬರು ಓಡಿಸುವಾಗ ಕಲ್ಲು ಬಡಿದಿದ್ದರೆ ಹಂಚಿಕೊಳ್ಳಿ ಎನ್ನುತ್ತಿದ್ದೆ. ಇಲ್ಲಿ ಕೀ ಕೊಟ್ಟವನು ಅವನು. ಗ್ಯಾರೇಜಿನ ಬಿಲ್ಲು ಅವನೇ ಕಟ್ಟಲಿ. ಗೆಳೆಯನಿಂದ ವಸೂಲಿ ಮಾಡುವುದೂ ಅವನ ಕೆಲಸ. ಆ ಗೆಳೆಯನಿಗೆ ನೀವು ಫೋನು ಮಾಡಲು ಹೋಗಬೇಡಿ. ನೀವು ಮಾಡಿದರೆ ತಮ್ಮ ನಡುವಿನಿಂದ ಜಾರಿಕೊಳ್ಳುತ್ತಾನೆ. ಅವನಿಗೆ ಒಮ್ಮೆಲೇ ಆಗದಿದ್ದರೆ ಮುಂದಿನ ಕೆಲವು ತಿಂಗಳ ಕಾರಿನ ಕಂತನ್ನು ಪೂರ್ತಿ ಅವನೇ ಕಟ್ಟಿ ತೀರಿಸಲಿ. ಇದನ್ನು ಅಪ್ಪನ ಎದುರಿಗೆ, ದನಿ ಏರಿಸದೆ, ಒಂದೇ ಸಲ ಮಾತಾಡಿ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಎತ್ತಬೇಡಿ. ನೆಂಟರ ಮುಂದೆ ಅವಮಾನವಾದರೆ ತಮ್ಮ ಹಟಕ್ಕೆ ಬೀಳುತ್ತಾನೆ, ದುಡ್ಡೂ ಬರುವುದಿಲ್ಲ.

"ಹೇಗಿದ್ದರೂ ಹಾಳಾಗುತ್ತಿತ್ತು" ಎಂಬ ಮಾತಿಗೆ ಉತ್ತರ ಎಂಜಿನ್ ಒಳಗೇ ಇದೆ. ಬಿಚ್ಚುವ ದಿನ ತಮ್ಮನೂ ಆ ಗೆಳೆಯನೂ ಗ್ಯಾರೇಜಿಗೆ ಬರಲಿ. ಆಯಿಲ್ ಇಲ್ಲದೆ ಓಡಿದ ಎಂಜಿನ್ನಿನಲ್ಲಿ ಬೇರಿಂಗ್ ಶೆಲ್ ಉಜ್ಜಿ ಕರಗಿದಂತೆ ಇರುತ್ತದೆ, ಕ್ರ್ಯಾಂಕಿನ ಮೇಲೆ ಬಿಸಿಗೆ ನೀಲಿ ಕಲೆ ಬಿದ್ದಿರುತ್ತದೆ. ವರ್ಷಗಟ್ಟಲೆ ಸವೆದದ್ದು ಹಾಗೆ ಕಾಣುವುದಿಲ್ಲ. ಫೋಟೋ ತೆಗೆಯಿರಿ, ಹಳೇ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಸರ್ವಿಸ್ ಬಿಲ್ಲುಗಳನ್ನೂ ಜೊತೆಗಿಡಿ. ಕಾನೂನೂ ನಿಮ್ಮ ಕಡೆಗಿದೆ. ಇನ್ನೊಬ್ಬರ ವಸ್ತು ತೆಗೆದುಕೊಂಡವನು ಅದನ್ನು ತನ್ನದೇ ವಸ್ತುವಿನಂತೆ ಎಚ್ಚರದಿಂದ ನೋಡಿಕೊಳ್ಳಬೇಕು ಎಂದು 1872ರ ಕಾಂಟ್ರಾಕ್ಟ್ ಕಾಯ್ದೆ ಹೇಳುತ್ತದೆ. ಆದರೆ ಅದೇ ಕಾಯ್ದೆ, ಕೊಡುವವನು ತನಗೆ ಗೊತ್ತಿರುವ ದೋಷ ಮುಚ್ಚಿಡಬಾರದು ಎಂದೂ ಹೇಳುತ್ತದೆ. ಆಯಿಲ್ ದೀಪ ಮೊದಲೇ ಆಗಾಗ ಬರುತ್ತಿತ್ತಾ ಎಂದು ತಮ್ಮನನ್ನು ನೇರವಾಗಿ ಕೇಳಿ. ಬರುತ್ತಿದ್ದು, ಅದನ್ನು ಹೇಳದೆ ಕೊಟ್ಟಿದ್ದರೆ ಗೆಳೆಯನ ಮೇಲೆ ಪೂರ್ತಿ ಹೊರಿಸುವುದು ನ್ಯಾಯವಲ್ಲ. ಕೋರ್ಟಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಎಷ್ಟು ಕೊಡುತ್ತೇನೆ, ಯಾವಾಗ ಕೊಡುತ್ತೇನೆ ಎಂದು ಆತ ತಮ್ಮನಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಲಿ. ಬರೆದ ಮೇಲೆ ಮಾತು ತಪ್ಪುವುದು ಕಷ್ಟ.

ಇನ್ನೊಂದು. ಆಯಿಲ್ ಹಾಕಿ, ಯಾವುದೋ ಬಾಟಲಿ ಸುರಿದು, ಎಳೆದು ಸ್ಟಾರ್ಟ್ ಮಾಡಿಕೊಡುತ್ತೇನೆ, 8,000 ಸಾಕು ಎಂದ ಮೆಕ್ಯಾನಿಕ್ ಬಗ್ಗೆ ಬರೆದಿದ್ದೀರಿ. ಅವರನ್ನು ಕಾರಿನ ಹತ್ತಿರ ಬಿಡಬೇಡಿ. ಜಾಮ್ ಆದ ಎಂಜಿನ್ನಿಗೆ ಬಾಟಲಿ ಮದ್ದು ಇಲ್ಲ. ಬಲವಂತವಾಗಿ ತಿರುಗಿಸಿದರೆ ಉಳಿದಿರುವ ಬ್ಲಾಕ್ ಕೂಡ ಹೋಗುತ್ತದೆ.

ಪ್ರಶ್ನೆ: ಓಡಿಸಿದ್ದು ಭಾವನ ಗೆಳೆಯ. ಕ್ಲೇಮಿನಲ್ಲಿ ಭಾವನ ಹೆಸರು ಹಾಕಿ ಎನ್ನುತ್ತಾರೆ ಗ್ಯಾರೇಜಿನವರು. ಹಾಕಬಹುದಾ? (ಡೊಂಬಿವಲಿ)

ಬೇಡ. ಗೆಳೆಯನಿಗೆ ಲೈಸೆನ್ಸ್ ಇದ್ದು, ನಿಮ್ಮ ಒಪ್ಪಿಗೆಯಿಂದ ಓಡಿಸಿದ್ದರೆ ಕ್ಲೇಮು ಹಾಗೇ ಸಿಗುತ್ತದೆ. ಸುಳ್ಳು ಹೇಳಿದರೆ ಸಿಗುವುದೂ ಹೋಗುತ್ತದೆ. ಈ ಸಲಹೆ ಕೊಟ್ಟ ಗ್ಯಾರೇಜನ್ನು ಮೊದಲು ಬಿಡಿ.

ಪ್ರಶ್ನೆ: ಮನೆಯ ಇತರರು ಓಡಿಸಬೇಕಾದರೆ ಅವರ ಹೆಸರನ್ನು ಪಾಲಿಸಿಗೆ ಸೇರಿಸಬೇಕು, 3,000 ಕೊಡಿ ಎಂದ ಏಜೆಂಟ್. (ನಿಗಡಿ)

ಮೋಸ. ನಮ್ಮಲ್ಲಿ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ವಿಮೆ ಇದೆ. ಏಜೆಂಟನ್ನು ಬದಲಾಯಿಸಿ.

ಪ್ರಶ್ನೆ: ಮಡಗಾಂವಿನಲ್ಲಿ ನಮ್ಮ ಕಾರು ಸುಮ್ನೆ ನಿಂತಿರುತ್ತದೆ. ಪರಿಚಯದವರಿಗೆ ದಿನಕ್ಕೆ 1,500ರಂತೆ ಕೊಡಬಹುದಾ?

ಕೂಡದು. ಬಾಡಿಗೆಗೆ ಕೊಟ್ಟ ಖಾಸಗಿ ಕಾರಿಗೆ ಅಪಘಾತದಲ್ಲಿ ವಿಮೆ ಸಿಗುವುದಿಲ್ಲ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದು ಅದಕ್ಕೇ, ಅದರ ಪರವಾನಗಿ, ವಿಮೆ ಎರಡೂ ಬೇರೆ.

ಪ್ರಶ್ನೆ: ಮಗನಿಗೆ 17. ರಾತ್ರಿ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಕೊಡಬಹುದಾ? (ಕೋಥರೂಡ್)

2024ರ ಮೇ ತಿಂಗಳಲ್ಲಿ ನಿಮ್ಮದೇ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗ ಓಡಿಸಿದ ಕಾರಿಗೆ ಇಬ್ಬರು ಸತ್ತರು. ಅದಾದ ಮೇಲೂ ಈ ಪ್ರಶ್ನೆ ಕೇಳುತ್ತೀರಲ್ಲ! ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ದಂಡ. ಕಾರಿನ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಕೀ ನಿಮ್ಮ ಬೀರುವಿನಲ್ಲಿ ಇಟ್ಟು ಬೀಗ ಹಾಕಿ.

ಪ್ರಶ್ನೆ: ಅಕ್ಕನ ಕಾರು ನಾನು ಓಡಿಸುವಾಗ ನನಗೇ ಪೆಟ್ಟಾದರೆ ಕಾರಿನ ಪಾಲಿಸಿ ಜೊತೆಗಿನ 15 ಲಕ್ಷದ ಅಪಘಾತ ವಿಮೆ ಸಿಗುತ್ತಾ? (ಮುಲುಂಡ್)

ಇಲ್ಲ. ಅದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ನೀವು ನಿಮ್ಮ ಹೆಸರಿನಲ್ಲೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿಕೊಳ್ಳಿ. ಅಕ್ಕನ ಕಾರನ್ನು ಆಮೇಲೆ ಕೇಳಿ.