ಮೂತ್ರ ಸೋರಿಕೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಯಾವ ತೊಂದರೆಗಳು ಬರಬಹುದು?

ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ಮಹಿಳೆಯರಿಗೆ ಮೂತ್ರನಾಳದ ಕೆಳಗೆ ‘ಸ್ಲಿಂಗ್’ ಎಂಬ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ.

ಮೊದಲ ದಿನಗಳಲ್ಲಿ ಕಾಡುವುದು ಸೋರಿಕೆಗೆ ತದ್ವಿರುದ್ಧವಾದ ಸಮಸ್ಯೆ: ಮೂತ್ರ ಸರಾಗವಾಗಿ ಬರುವುದಿಲ್ಲ. ಊತ ಇಳಿದಂತೆ ಹೆಚ್ಚಿನವರಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕ್ಯಾಥೆಟರ್ (ಮೂತ್ರ ಹೊರಹಾಕುವ ತೆಳು ಕೊಳವೆ) ಬೇಕಾಗಬಹುದು. ಪಟ್ಟಿ ತೀರಾ ಬಿಗಿಯಾಗಿದ್ದರೆ ಸಡಿಲಿಸಬೇಕು, ಇಲ್ಲವೇ ಕತ್ತರಿಸಬೇಕು. ಮೂತ್ರದ ಸೋಂಕೂ ಅಪರೂಪವಲ್ಲ.

ಕೆಲವರಿಗೆ ಸೋರಿಕೆ ನಿಂತರೂ, ಮೊದಲು ಇರದಿದ್ದ, ತಡೆಯಲಾಗದ ಮೂತ್ರದ ಅವಸರ ಶುರುವಾಗುತ್ತದೆ. ಇದನ್ನು ಮುಂಚೆಯೇ ಯಾರೂ ಹೇಳಿರದಿದ್ದರೆ ಶಸ್ತ್ರಚಿಕಿತ್ಸೆಯೇ ಸೋತಿತು ಅನ್ನಿಸುವುದು ಸಹಜ. ಮೂತ್ರಕೋಶದ ತರಬೇತಿ, ಮಾತ್ರೆಗಳಿಂದ ಇದನ್ನು ಹತೋಟಿಗೆ ತರಬಹುದು.

ಪ್ಲಾಸ್ಟಿಕ್ ಜಾಲರಿಯ ಪಟ್ಟಿಯಾದರೆ ವರ್ಷಗಳ ನಂತರವೂ ಅದು ಯೋನಿಯ ಗೋಡೆಯಿಂದ ಹೊರಗೆ ಇಣುಕಬಹುದು. ಸ್ರಾವ, ರಕ್ತ, ಸಂಭೋಗದ ವೇಳೆ ನೋವು ಇದರ ಸುಳಿವುಗಳು. ತೊಡೆಸಂದಿಯ ನೋವೂ ಕೆಲವರಲ್ಲಿ ಉಳಿಯುತ್ತದೆ. ಅಂಗಾಂಶದೊಳಗೆ ಬೆಸೆದುಕೊಂಡ ಜಾಲರಿಯನ್ನು ಪೂರ್ತಿ ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಇಂಥ ದೂರುಗಳ ಹಿನ್ನೆಲೆಯಲ್ಲೇ ಇಂಗ್ಲೆಂಡ್ 2018ರಲ್ಲಿ ಇದರ ವಾಡಿಕೆಯ ಬಳಕೆಗೆ ತಡೆ ಹಾಕಿತು.

ಜ್ವರ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಹೆಚ್ಚುತ್ತಿರುವ ರಕ್ತಸ್ರಾವ, ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಅಂದೇ ವೈದ್ಯರನ್ನು ಕಾಣಿ.